ಅಂತರ್ಜಾಲದ ಹರಾಜಿನಲ್ಲಿ ಅಕ್ಷರದ ಗಾತ್ರ

ಹರಾಜು ನಮ್ಮ ಜನಕ್ಕೆ ಹೊಸದೇನೂ ಅಲ್ಲ. ದೇವಸ್ಥಾನದ ತೆಂಗಿನಕಾಯಿಯಿಂದ ಮೊದಲುಗೊಂಡು ಕೆರೆಯ ಮೀನು, ಹುಣಸೆಮರದ ಫಸಲು, ಮಂಡಿಯ ಅಡಿಕೆಯವರೆಗೆ ಎಷ್ಟೋ ಪದಾರ್ಥಗಳು ಸವಾಲಿನಲ್ಲಿಯೇ ಕೈ ಬದಲಾಯಿಸುತ್ತವೆ. ಅಂಥ ಹರಾಜಿನಲ್ಲಿ ಕೊಳ್ಳುವವನು ಪದಾರ್ಥದ ಎದುರಿಗೇ ನಿಂತಿರುತ್ತಾನೆ. ಅಡಿಕೆಯನ್ನು ಕತ್ತರಿಸಿ ನೋಡುತ್ತಾನೆ. ಎತ್ತಿನ ಹಲ್ಲು ಹಿಡಿದು ಪ್ರಾಯ ತಿಳಿಯುತ್ತಾನೆ. ಪಾತ್ರೆಯನ್ನು ಬೆರಳಿನಿಂದ ತಟ್ಟಿ ಅದರ ನಾದವನ್ನು ಕೇಳುತ್ತಾನೆ. ಅಕ್ಷರ ಬಾರದವನಿಗೂ ಅಲ್ಲಿ ಕಣ್ಣು, ಕೈ, ಕಿವಿಗಳ ಸಹಾಯವುಂಟು.

ಅಂತರ್ಜಾಲದ ಹರಾಜಿನಲ್ಲಿ ಈ ಸಹಾಯ ದೊರೆಯುವುದಿಲ್ಲ. ಪದಾರ್ಥವು ಎಲ್ಲಿಯೋ ದೂರದಲ್ಲಿರುತ್ತದೆ. ಕೊಳ್ಳುವವನ ಮುಂದಿರುವುದು ಕೆಲವು ಚಿತ್ರಗಳು ಮತ್ತು ಒಂದು ವಿವರಣೆ. ಗಡಿಯಾರದ ಬಣ್ಣವನ್ನು ಚಿತ್ರ ತೋರಿಸೀತು. ಅದು ನಡೆಯುತ್ತದೆಯೇ, ಅದರ ಒಳಗಿನ ಭಾಗಗಳು ಮೂಲದವೇ, ಕೆಟ್ಟರೆ ಹಿಂದಕ್ಕೆ ತೆಗೆದುಕೊಳ್ಳುವರೇ ಎಂಬುದನ್ನು ಬರಹವೇ ಹೇಳಬೇಕು. ಆದುದರಿಂದ ಆ ಬರಹವು ಸುಲಭವಾಗಿ ಓದಬರುವಂತಿದೆಯೇ ಎಂಬುದು ಬರಿಯ ಅಲಂಕಾರದ ಪ್ರಶ್ನೆಯಾಗಿ ಉಳಿಯದೆ ನ್ಯಾಯದ ಪ್ರಶ್ನೆಯಾಗುತ್ತದೆ. ಇದನ್ನು ಸ್ವಲ್ಪ ವಿಚಾರಮಾಡಿ ನೋಡುವುದೇ ಈ ಲೇಖನದ ಉದ್ದೇಶ.

ಇಂಥ ಹರಾಜಿನ ತಾಣಗಳಲ್ಲಿ ಲೋಕಪ್ರಸಿದ್ಧವಾದುದು ಅಮೆರಿಕದ ಈಬೇ. ಪಿಯರ್ ಒಮಿಡ್ಯಾರ್ ಎಂಬವರು ಇದನ್ನು 1995ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ 'ಆಕ್ಷನ್ ವೆಬ್' ಎಂಬ ಹೆಸರಿನಿಂದ ಪ್ರಾರಂಭಿಸಿದರು. 1997ರಲ್ಲಿ ಅದಕ್ಕೆ ಈಬೇ ಎಂಬ ಹೆಸರಾಯಿತು. ಅಲ್ಲಿ ಮೊದಲು ಮಾರಾಟವಾದುದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14 ಡಾಲರ್ 83 ಸೆಂಟುಗಳಿಗೆ ಎಂದು ಹೇಳುವರು. ಒಮಿಡ್ಯಾರರು ಕೊಂಡವನಿಗೆ ಬರೆದು, ಅದು ಕೆಟ್ಟಿರುವುದು ತಿಳಿದಿದೆಯೇ ಎಂದು ವಿಚಾರಿಸಿದರಂತೆ. ಕೆಟ್ಟ ಪಾಯಿಂಟರುಗಳನ್ನು ಸಂಗ್ರಹಿಸುವುದೇ ತನ್ನ ಹವ್ಯಾಸವೆಂದು ಉತ್ತರ ಬಂದಿತಂತೆ. ಕಥೆ ಕೇಳಲು ವಿನೋದವಾಗಿದೆ. ಆದರೆ ಅದರಲ್ಲಿ ಒಂದು ತತ್ತ್ವವಿದೆ. ಮಾರುವವನು 'ಕೆಟ್ಟಿದೆ' ಎಂದು ಬರೆದರೆ ಸಾಲದು. ಆ ಮಾತು ಕೊಳ್ಳುವವನಿಗೆ ಮುಟ್ಟಿದೆಯೇ ಎಂಬುದೂ ಮುಖ್ಯ.

ಅಂಗಡಿಯ ವ್ಯಾಪಾರಕ್ಕಿಂತ ಹರಾಜಿನಲ್ಲಿ ಈ ಮಾತು ಹೆಚ್ಚು ಸಲ್ಲುತ್ತದೆ. ಅದಕ್ಕೆ ಕಾರಣ ಹರಾಜಿನ ಸ್ವರೂಪದಲ್ಲಿಯೇ ಇದೆ. ಒಂದು ಹಳೆಯ ಕ್ಯಾಮೆರಾ ಹರಾಜಿಗೆ ಬಂದಿದೆಯೆಂದು ಭಾವಿಸೋಣ. ವಿವರಣೆಯ ಕೊನೆಯಲ್ಲಿ, ಇರುವೆಸಾಲಿನಂಥ ಅಕ್ಷರದಲ್ಲಿ, 'ಮಸೂರದಲ್ಲಿ ಬೂಷ್ಟು ಹಿಡಿದಿದೆ' ಎಂದು ಬರೆದಿದೆ. ಹತ್ತು ಮಂದಿ ನೋಡುತ್ತಾರೆ. ಒಂಬತ್ತು ಮಂದಿ ಅದನ್ನು ಓದಿ 2,000 ರೂಪಾಯಿಗೆ ನಿಲ್ಲುತ್ತಾರೆ. ಹತ್ತನೆಯವನ ಕಣ್ಣಿಗೆ ಅದು ಬೀಳುವುದಿಲ್ಲ, ಅವನು 2,100 ಕೂಗುತ್ತಾನೆ, ಗೆಲ್ಲುತ್ತಾನೆ. ಓದಿದ ಒಂಬತ್ತು ಮಂದಿಯಿಂದ ಅವನಿಗೆ ರಕ್ಷಣೆಯಿಲ್ಲ. ಹರಾಜೆಂಬುದು ಗುಂಪಿನಲ್ಲಿ ತಪ್ಪು ಓದಿದವನನ್ನೇ ಹುಡುಕಿ ಅವನ ಕೈಗೆ ಪದಾರ್ಥವನ್ನು ಕೊಡುವ ಯಂತ್ರವಾಗಿಬಿಡುತ್ತದೆ. ಅರ್ಥಶಾಸ್ತ್ರದಲ್ಲಿ ಇದನ್ನು ಹೋಲುವ ಸಂಗತಿಯನ್ನು 'ವಿಜೇತನ ಶಾಪ' ಎಂದು ಕರೆಯುವರು. ಅಮೆರಿಕದ ಸಮುದ್ರತೀರದ ಎಣ್ಣೆನೆಲಗಳ ಹರಾಜನ್ನು ಪರಿಶೀಲಿಸಿದ ಮೂವರು ಎಂಜಿನಿಯರುಗಳು 1971ರಲ್ಲಿ ಇದನ್ನು ವಿವರಿಸಿದರು: ನೆಲದ ಬೆಲೆಯನ್ನು ಎಲ್ಲರಿಗಿಂತ ಹೆಚ್ಚಾಗಿ ತಪ್ಪು ಅಂದಾಜು ಮಾಡಿದವನೇ ಹರಾಜಿನಲ್ಲಿ ಗೆದ್ದು ನಷ್ಟಪಡುತ್ತಾನೆ.

ಹೀಗಿರಲು, ಅಕ್ಷರ ಎಷ್ಟು ದೊಡ್ಡದಿರಬೇಕು? ಗಾತ್ರವನ್ನು ಮಿಲಿಮೀಟರಿನಲ್ಲಿ ಮಾತ್ರ ಅಳೆದರೆ ಸಾಲದು. ಅದು ಕಣ್ಣಿನಲ್ಲಿ ಉಂಟುಮಾಡುವ ಕೋನವನ್ನು ಗಮನಿಸಬೇಕು. ಗಾರ್ಡನ್ ಲೆಗ್ ಮತ್ತು ಚಾರ್ಲ್ಸ್ ಬಿಗೆಲೋ ಎಂಬ ವಿದ್ವಾಂಸರು 2011ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ರೋಮನ್ ಲಿಪಿಯ 'ಎಕ್ಸ್' ನಂಥ ಸಣ್ಣ ಅಕ್ಷರದ ಎತ್ತರವು ಕಣ್ಣಿನಲ್ಲಿ ಸುಮಾರು 0.2 ಡಿಗ್ರಿಯಿಂದ 2 ಡಿಗ್ರಿಯವರೆಗೆ ಇದ್ದರೆ ಓದು ನಿರಾತಂಕವಾಗಿ ಸಾಗುತ್ತದೆ. 0.2ಕ್ಕಿಂತ ಕಡಿಮೆಯಾದರೆ ಓದುವ ವೇಗ ಬೇಗನೆ ಕುಸಿಯುತ್ತದೆ. ಇದನ್ನು ಲೆಕ್ಕಕ್ಕೆ ಇಳಿಸಿದರೆ, ಪುಸ್ತಕವನ್ನು 40 ಸೆಂಟಿಮೀಟರ್ ದೂರದಲ್ಲಿ ಹಿಡಿದಾಗ ಆ ಎತ್ತರ 1.4 ಮಿಲಿಮೀಟರ್ ಇರಬೇಕು; ಮೇಜಿನ ಮೇಲಿನ ಗಣಕದ ಪರದೆ 60 ಸೆಂಟಿಮೀಟರ್ ದೂರದಲ್ಲಿದ್ದರೆ 2.1 ಮಿಲಿಮೀಟರ್, 30 ಸೆಂಟಿಮೀಟರ್ ದೂರದ ಫೋನಿನಲ್ಲಿ ಸುಮಾರು 1 ಮಿಲಿಮೀಟರ್. ಇವು ಕನಿಷ್ಠ ಅಳತೆಗಳೆಂಬುದನ್ನೂ, ವಯಸ್ಸಾದ ಕಣ್ಣಿಗೆ ಇವು ಸಾಲವೆಂಬುದನ್ನೂ ಮರೆಯಬಾರದು.

ಇನ್ನು ಹರಾಜಿನ ಪುಟಕ್ಕೆ ಬರೋಣ. ಈಬೇಯಲ್ಲಿ ಮಾರುವವನು ತನ್ನ ವಿವರಣೆಯನ್ನು ಎಚ್.ಟಿ.ಎಂ.ಎಲ್. ಎಂಬ ಸಂಕೇತಭಾಷೆಯಲ್ಲಿ ತನಗಿಷ್ಟ ಬಂದಂತೆ ರಚಿಸಲು ಅವಕಾಶವುಂಟು. ಆ ಭಾಷೆಯ ಹಳೆಯ ಪದ್ಧತಿಯಲ್ಲಿ ಅಕ್ಷರಕ್ಕೆ 1ರಿಂದ 7ರವರೆಗೆ ಏಳು ಗಾತ್ರಗಳಿದ್ದುವು. ಏನೂ ಹೇಳದಿದ್ದರೆ ದೊರೆಯುವುದು 3ನೆಯದು. ಅದು 16 ಪಿಕ್ಸೆಲ್, ಎಂದರೆ 12 ಪಾಯಿಂಟ್. ಇದರ ಸಣ್ಣ ಅಕ್ಷರದ ಎತ್ತರ ಸುಮಾರು 2.1 ಮಿಲಿಮೀಟರ್. ಮೇಲೆ ಹೇಳಿದ ಕನಿಷ್ಠ ಅಳತೆಗೆ ಇದು ಸರಿಯಾಗಿ ಹೊಂದುತ್ತದೆ. ಆದರೆ ಮಾರುವವರು ಅನೇಕ ವೇಳೆ ಹೊಗಳಿಕೆಗೆ 7ನೆಯ ಗಾತ್ರವನ್ನೂ ಷರತ್ತುಗಳಿಗೆ 1ನೆಯದನ್ನೂ ಆರಿಸುತ್ತಿದ್ದರು. 7ನೆಯದು 48 ಪಿಕ್ಸೆಲ್. 1ನೆಯದು ಸುಮಾರು 10 ಪಿಕ್ಸೆಲ್. 'ಅಪೂರ್ವ ವಸ್ತು!' ಎಂಬುದು ಬೆಟ್ಟದಷ್ಟು. 'ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ' ಎಂಬುದು ಸಾಸಿವೆಯಷ್ಟು.

ಫೋನು ಬಂದಮೇಲೆ ಇನ್ನೊಂದು ತೊಡಕು ಸೇರಿತು. ಗಣಕದ ಅಗಲವಾದ ಪರದೆಗೆಂದು ರಚಿಸಿದ ಪುಟವನ್ನು ಫೋನು ಕುಗ್ಗಿಸಿ ತೋರಿಸುತ್ತದೆ. 2007ರ ಐಫೋನ್ ಇಂಥ ಪುಟವನ್ನು 980 ಪಿಕ್ಸೆಲ್ ಅಗಲದ್ದೆಂದು ಎಣಿಸಿ ಕುಗ್ಗಿಸುವ ಕ್ರಮವನ್ನು ತಂದಿತು. 360 ಪಿಕ್ಸೆಲ್ ಅಗಲದ ಪರದೆಯಲ್ಲಿ ಹಾಗೆ ಕುಗ್ಗಿಸಿದರೆ 16 ಪಿಕ್ಸೆಲ್ಲಿನ ಅಕ್ಷರ 6 ಪಿಕ್ಸೆಲ್ಲಿಗೆ ಇಳಿಯುತ್ತದೆ. ಸಾಮಾನ್ಯ ಫೋನಿನಲ್ಲಿ ಅದು ಒಟ್ಟು 1 ಮಿಲಿಮೀಟರಿಗೂ ಕಡಿಮೆ. ಸಣ್ಣ ಅಕ್ಷರದ ಎತ್ತರ ಅದರ ಅರ್ಧ. ಬೇಕಾದುದರ ಅರ್ಧದಷ್ಟೂ ಇಲ್ಲವೆಂದಾಯಿತು. 'ಫೋನಿನ ಅಗಲಕ್ಕೆ ಹೊಂದಿಕೋ' ಎಂದು ಪುಟಕ್ಕೆ ಆಜ್ಞಾಪಿಸುವ ಒಂದೇ ಸಾಲಿನ ಸಂಕೇತದಿಂದ ಈ ದೋಷ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಬರಹವನ್ನು ಚಿತ್ರದೊಳಗೇ ಅಚ್ಚುಹಾಕಿದರೆ ಮಾತ್ರ ಉಪಾಯವಿಲ್ಲ. ಅದು ಪರದೆಗೆ ಹೊಂದಿಕೊಳ್ಳದು. ದೃಷ್ಟಿಹೀನರಿಗೆ ಓದಿಹೇಳುವ ಯಂತ್ರಕ್ಕೂ ಸಾಮಾನ್ಯವಾಗಿ ದಕ್ಕದು.

ಗಾತ್ರವೊಂದೇ ಎಲ್ಲವೂ ಅಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರವೂ ಬೇಕು. ಅಂತರ್ಜಾಲದ ಬರಹ ಎಲ್ಲರಿಗೂ ಎಟುಕುವಂತಿರಲು 2008ರಲ್ಲಿ ಹೊರಟ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಬರಹಕ್ಕೆ ಈ ಅಂತರ 4.5ಕ್ಕೆ 1 ಆದರೂ ಇರಬೇಕು. ಬಿಳಿಯ ಮೇಲೆ ಕಪ್ಪು 21ಕ್ಕೆ 1. ಬಿಳಿಯ ಮೇಲೆ ಅಚ್ಚ ಹಳದಿ 1.1ನ್ನೂ ಮುಟ್ಟುವುದಿಲ್ಲ. ಇಲ್ಲಿ ಆಶ್ಚರ್ಯವೆಂದರೆ, 'ಮುಖ್ಯ ಸೂಚನೆ' ಎಂದು ಎಲ್ಲರೂ ಬಳಸುವ ಅಚ್ಚ ಕೆಂಪು ಬಿಳಿಯ ಮೇಲೆ 4ಕ್ಕೆ 1 ಮಾತ್ರ. ಎಚ್ಚರಿಸಲೆಂದು ಬಳಸಿದ ಬಣ್ಣವೇ ಸಣ್ಣ ಅಕ್ಷರದಲ್ಲಿ ಸೋಲುತ್ತದೆ.

ಕನ್ನಡಕ್ಕೆ ಇನ್ನೂ ಒಂದು ವಿಶೇಷವಿದೆ. ನಮ್ಮ ಲಿಪಿ ಮೂರು ಅಂತಸ್ತಿನ ಮನೆ: ನಡುವೆ ಮೂಲಾಕ್ಷರ, ಮೇಲೆ ಗುಣಿತದ ಚಿಹ್ನೆ, ಕೆಳಗೆ ಒತ್ತು. 'ರಾಷ್ಟ್ರೀಯ' ಎಂಬ ಪದದಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು. ಈ ಎಲ್ಲವೂ ಒಂದೇ ಸಾಲಿನಲ್ಲಿ ಅಡಕವಾಗಬೇಕಾದುದರಿಂದ, ರೋಮನ್ ಲಿಪಿಗೆ ಸಾಕಾಗುವ ಗಾತ್ರದಲ್ಲಿ ಕನ್ನಡದ ಒತ್ತಕ್ಷರ ಕಲಸಿಹೋಗುತ್ತದೆ. ದಕಾರ, ಧಕಾರ, ಥಕಾರಗಳಿಗಿರುವ ಭೇದ ಒಂದು ಸೀಳು ಮತ್ತು ಒಂದು ಚುಕ್ಕೆ. 'ಅರ್ಥ', 'ಅರ್ಧ' ಎಂಬ ಪದಗಳನ್ನು ತೀರ ಸಣ್ಣದಾಗಿ ಬರೆದು ನೋಡಿದರೆ ಇದು ವಿಶದವಾಗುತ್ತದೆ. ಆದಕಾರಣ ಕನ್ನಡಕ್ಕೆ ಅಕ್ಷರವೂ ದೊಡ್ಡದಾಗಬೇಕು, ಸಾಲುಗಳ ನಡುವಣ ಎಡೆಯೂ ಹೆಚ್ಚಬೇಕು.

ಈಬೇಯ ಭಾರತದ ತಾಣ 2018ರ ಆಗಸ್ಟಿನಲ್ಲಿ ಮುಚ್ಚಿತು. ಹಾಗೆಂದು ಅಂತರ್ಜಾಲದ ಹರಾಜು ನಮ್ಮನ್ನು ಬಿಟ್ಟುಹೋಗಲಿಲ್ಲ. ಸಾಲ ತೀರದ ಮನೆ, ನಿವೇಶನಗಳನ್ನು ಬ್ಯಾಂಕುಗಳು ಸರ್ಫೇಸಿ ಕಾಯಿದೆಯ ಮೇರೆಗೆ ಇಂದು ಅಂತರ್ಜಾಲದ ಮೂಲಕವೇ ಹರಾಜು ಹಾಕುತ್ತವೆ. ಇಲ್ಲಿ ಪಣಕ್ಕಿರುವುದು ಹಳೆಯ ಕ್ಯಾಮೆರಾ ಅಲ್ಲ, ಒಂದು ಸಂಸಾರದ ಉಳಿತಾಯ. 2002ರ ನಿಯಮಗಳಂತೆ ಸವಾಲು ಗೆದ್ದವನು ಬೆಲೆಯ ನಾಲ್ಕನೆಯ ಒಂದು ಭಾಗವನ್ನು, ಮೊದಲು ಕಟ್ಟಿದ ಠೇವಣಿಯೂ ಸೇರಿದಂತೆ, ಅಂದೇ ಅಥವಾ ತಪ್ಪಿದರೆ ಮುಂದಿನ ಕೆಲಸದ ದಿನದೊಳಗೆ ತುಂಬಬೇಕು. ಉಳಿದುದನ್ನು ಮಾರಾಟ ಸ್ಥಿರೀಕೃತವಾದ 15 ದಿನಗಳಲ್ಲಿ, ಇಲ್ಲವೆ ಬರಹದ ಮೂಲಕ ಒಪ್ಪಿದ ಹೆಚ್ಚಿನ ಅವಧಿಯಲ್ಲಿ ಕೊಡಬೇಕು. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲಾಗುತ್ತದೆ. ಹೀಗೆ ಇಡೀ ನಾಲ್ಕನೆಯ ಭಾಗವನ್ನು ಮುಟ್ಟುಗೋಲು ಹಾಕಿಕೊಳ್ಳುವುದು ಸರಿಯೆಂದು ಸುಪ್ರೀಂ ಕೋರ್ಟು 2024ರ ಫೆಬ್ರವರಿಯಲ್ಲಿ ತೀರ್ಪುಕೊಟ್ಟಿದೆ. 'ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ' ಎಂಬ ಷರತ್ತೂ ಇಂಥ ಪ್ರಕಟಣೆಗಳಲ್ಲಿ ಸಾಮಾನ್ಯ. ಆಸ್ತಿಯ ಲೋಪದೋಷಗಳನ್ನು ಕೊಳ್ಳುವವನೇ ವಿಚಾರಿಸಿಕೊಳ್ಳಬೇಕೆಂಬುದು ಅದರ ಅಭಿಪ್ರಾಯ.

ಇಷ್ಟು ಭಾರವಾದ ಮಾತುಗಳು ಎಷ್ಟು ಗಾತ್ರದ ಅಕ್ಷರದಲ್ಲಿರುತ್ತವೆ? ವೃತ್ತಪತ್ರಿಕೆಯ ಹರಾಜು ಪ್ರಕಟಣೆಗಳನ್ನು ಒಮ್ಮೆ ಬಿಡಿಸಿ ನೋಡಿದರೆ ಉತ್ತರ ದೊರೆಯುವುದು. ಅದೇ ಪ್ರಕಟಣೆಯ ಛಾಯಾಚಿತ್ರವನ್ನು ಫೋನಿನಲ್ಲಿ ತೆರೆದರೆ ಹೇಳಬೇಕಾದುದೇ ಇಲ್ಲ. ಎರಡು ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು ಎಂದು ನಿಯಮ ವಿಧಿಸಿದೆ. ಭಾಷೆ ತಿಳಿಯದಿದ್ದರೆ ಪ್ರಕಟಣೆ ನಿಷ್ಫಲವೆಂಬುದನ್ನು ಕಾನೂನು ಒಪ್ಪಿದೆಯೆಂದಾಯಿತು. ಅಕ್ಷರ ಕಾಣದಿದ್ದರೂ ಅದು ನಿಷ್ಫಲವೇ ಅಲ್ಲವೆ? ಪೊಟ್ಟಣದಲ್ಲಿ ಮಾರುವ ಬಿಸ್ಕತ್ತಿನ ತೂಕ, ಬೆಲೆಗಳ ಅಕ್ಷರ ಇಷ್ಟು ಮಿಲಿಮೀಟರಿಗಿಂತ ಕಡಿಮೆ ಇರಕೂಡದೆಂದು 2011ರ ನಿಯಮಗಳು ಗೊತ್ತುಮಾಡಿವೆ. ಅಂತರ್ಜಾಲದ ವ್ಯಾಪಾರಕ್ಕೆಂದು 2020ರಲ್ಲಿ ಬಂದ ನಿಯಮಗಳು ಮಾಹಿತಿ ಸ್ಪಷ್ಟವಾಗಿ, ಎದ್ದುಕಾಣುವಂತೆ ಇರಬೇಕೆಂದು ಹೇಳುತ್ತವೆ. ಅಳತೆಯನ್ನು ಮಾತ್ರ ಹೇಳುವುದಿಲ್ಲ. ಹತ್ತು ರೂಪಾಯಿಯ ಬಿಸ್ಕತ್ತಿಗೆ ಅಳತೆಯಿದ್ದರೆ ಹತ್ತು ಲಕ್ಷದ ಮನೆಯ ಷರತ್ತಿಗೂ ಅಳತೆ ಇರುವುದು ಯುಕ್ತ.

ದೊಡ್ಡ ಅಕ್ಷರಕ್ಕೆ ಸ್ಥಳ ಹೆಚ್ಚು ಬೇಕು, ಪತ್ರಿಕೆಯ ಸ್ಥಳಕ್ಕೆ ಹಣ ಬೇಕು ಎಂದು ಆಕ್ಷೇಪಿಸಬಹುದು. ಮುದ್ರಣದಲ್ಲಿ ಈ ಮಾತಿಗೆ ಬೆಲೆಯುಂಟು. ಪರದೆಯ ಪುಟಕ್ಕೆ ಉದ್ದದ ಮಿತಿಯಿಲ್ಲವಾದುದರಿಂದ ಅಲ್ಲಿ ಈ ಆಕ್ಷೇಪ ನಿಲ್ಲುವುದಿಲ್ಲ. ಎಲ್ಲವನ್ನೂ ದೊಡ್ಡದಾಗಿ ಬರೆದರೆ ಯಾವುದೂ ದೊಡ್ಡದಾಗಿ ಕಾಣದೆಂಬ ಇನ್ನೊಂದು ಆಕ್ಷೇಪ ನಿಜವಾದುದೇ. ಅದಕ್ಕೆ ಒಂದು ಸೂತ್ರವನ್ನು ಅನುಸರಿಸಬಹುದು. ಮಾರುವವನಿಗೆ ಯಾವುದರಲ್ಲಿ ಹೆಮ್ಮೆಯಿದೆ ಎಂಬುದನ್ನು ನೋಡಿ ಗಾತ್ರವನ್ನು ನಿರ್ಧರಿಸಬಾರದು. ಯಾವ ಮಾತನ್ನು ಕಾಣದೆಹೋದರೆ ಕೊಳ್ಳುವವನಿಗೆ ಹೆಚ್ಚು ನಷ್ಟವೋ ಆ ಮಾತಿಗೆ ಹೆಚ್ಚಿನ ಗಾತ್ರವನ್ನು ಕೊಡಬೇಕು. ವಸ್ತುವಿನ ದೋಷ, ಕಟ್ಟಬೇಕಾದ ಹಣ, ಗಡುವು, ಮುಟ್ಟುಗೋಲು: ಈ ನಾಲ್ಕೂ ಬೆಲೆಯ ಪಕ್ಕದಲ್ಲಿ, ಬೆಲೆಯಷ್ಟೇ ಸ್ಪಷ್ಟವಾಗಿರಲಿ.

ನಮ್ಮಲ್ಲಿ ಅನೇಕರು ತಮ್ಮ ಮನೆಯಿಂದ ಕಾಲೇಜಿಗೆ ಬಂದವರಲ್ಲಿ ಮೊದಲಿಗರು. ಬ್ಯಾಂಕಿನ ಕಾಗದವಾಗಲಿ ಹರಾಜಿನ ಪ್ರಕಟಣೆಯಾಗಲಿ ಬಂದರೆ ನೆರೆಹೊರೆಯವರು ನಮ್ಮ ಕೈಗೇ ಕೊಟ್ಟು 'ಏನಿದೆ ಓದು' ಎನ್ನುತ್ತಾರೆ. ಹಾಗೆ ಓದುವಾಗ ಕೆಳಗಿನ ಸಣ್ಣ ಅಕ್ಷರದಿಂದ ಪ್ರಾರಂಭಿಸಿ ಮೇಲಕ್ಕೆ ಬರುವುದು ಒಳ್ಳೆಯ ಅಭ್ಯಾಸ. ಫೋನಿನಲ್ಲಿ ಅಕ್ಷರವನ್ನು ಇಮ್ಮಡಿ ಮಾಡಿ ಓದುವುದು ಇನ್ನೂ ಒಳ್ಳೆಯದು. ನಾಳೆ ನಮ್ಮಲ್ಲಿಯೇ ಕೆಲವರು ಬ್ಯಾಂಕಿನಲ್ಲಿಯೋ ಕಚೇರಿಯಲ್ಲಿಯೋ ಕುಳಿತು ಇಂಥ ಪ್ರಕಟಣೆಗಳನ್ನು ಬರೆಯುವವರಾಗುತ್ತಾರೆ. ಆಗ ಅದನ್ನು ಹೊರಡಿಸುವ ಮುನ್ನ ಒಂದು ಸಾಧಾರಣ ಫೋನಿನಲ್ಲಿ ತೆರೆದು, ಅರುವತ್ತು ವರ್ಷದ ಒಬ್ಬರ ಕೈಗೆ ಕೊಟ್ಟು ಓದಿಸಿ ನೋಡಲಿ. ಅವರು ಕನ್ನಡಕವನ್ನು ಮೇಲಕ್ಕೂ ಕೆಳಕ್ಕೂ ಸರಿಸದೆ ಷರತ್ತುಗಳನ್ನು ಓದಿ ಹೇಳಿದರೆ ಆ ಪ್ರಕಟಣೆ ಹೊರಡಲು ಯೋಗ್ಯವಾಯಿತೆಂದು ತಿಳಿಯಬಹುದು.