ಧಾರವಾಡ ಜಿಲ್ಲೆ: ಎಲ್ಲೆಗಳೂ ಜನವಸತಿಯೂ

ಕಡಲ ತೀರವಿಲ್ಲದ ನಾಡಿನಲ್ಲಿ ಜನರು ಎಲ್ಲಿ ನೆಲೆಸಬೇಕೆಂಬುದನ್ನು ಬಂದರುಗಳು ನಿರ್ಣಯಿಸುವುದಿಲ್ಲ. ಮಳೆ, ಮಣ್ಣು, ಹಾದಿ, ಕಚೇರಿಗಳೇ ನಿರ್ಣಯಿಸುತ್ತವೆ. ಇದಕ್ಕೆ ಉದಾಹರಣೆ ಬೇಕೆಂದು ನಮ್ಮ ವಿದ್ಯಾರ್ಥಿಗಳು ನೇಪಾಳ, ಸ್ವಿಟ್ಜರ್ಲೆಂಡುಗಳವರೆಗೆ ಹೋಗಬೇಕಾಗಿಲ್ಲ. ಧಾರವಾಡ ಜಿಲ್ಲೆಯೇ ಸಾಕು.

ಸ್ವಾತಂತ್ರ್ಯ ಬರುವವರೆಗೂ ಈ ಪ್ರಾಂತದ ಭೂಪಟ ತೇಪೆ ಹಾಕಿದ ಕೌದಿಯಂತಿದ್ದಿತು. ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ, ಶಿರಹಟ್ಟಿಯು ಸಾಂಗ್ಲಿಗೆ ಸೇರಿದ್ದವು. ಸವಣೂರಿಗೆ ನವಾಬನೇ ಒಡೆಯ. ಸಂಸ್ಥಾನಗಳು ವಿಲೀನವಾದ ಮೇಲೆ ಜಿಲ್ಲೆಗೆ ಒಂದು ಆಕಾರ ಬಂದಿತು. 1956ರ ನವೆಂಬರ್ 1ರಂದು ಅದು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಆದರೆ ರಾಣಿಬೆನ್ನೂರಿನ ರೈತನು ಜಿಲ್ಲಾ ಕಚೇರಿಯ ಒಂದು ಕಾಗದಕ್ಕಾಗಿ ನೂರು ಕಿಲೋಮೀಟರಿಗೂ ಮಿಕ್ಕಿ ಪಯಣಿಸಬೇಕಾಗಿದ್ದಿತು. 1997ರಲ್ಲಿ ಹದಿನೇಳು ತಾಲೂಕುಗಳ ಜಿಲ್ಲೆಯನ್ನು ಮೂರಾಗಿ ಒಡೆದು ಹಾವೇರಿಗೆ ಏಳನ್ನೂ ಗದಗಕ್ಕೆ ಐದನ್ನೂ ಕೊಟ್ಟರು. ಧಾರವಾಡಕ್ಕೆ ಉಳಿದವು ಐದು. ಅನಂತರ ಅಣ್ಣಿಗೇರಿ, ಅಳ್ನಾವರ, ಹುಬ್ಬಳ್ಳಿ ನಗರಗಳು ಸೇರಿ ಎಂಟಾದವು.

ಇನ್ನು ಜನಸಂಖ್ಯೆ. 2011ರ ಜನಗಣತಿಯಂತೆ ಜಿಲ್ಲೆಯ ಜನ 18,47,023; ವಿಸ್ತೀರ್ಣ 4,260 ಚದರ ಕಿಲೋಮೀಟರು. ಭಾಗಿಸಿದರೆ ಚದರ ಕಿಲೋಮೀಟರಿಗೆ ಸುಮಾರು 434 ಜನ. ಹಾವೇರಿಯಲ್ಲಿ 331, ಗದಗದಲ್ಲಿ 229. ಹಾಗಾದರೆ ಧಾರವಾಡದ ಹಳ್ಳಿಗಳು ಗದಗದ ಹಳ್ಳಿಗಳಿಗಿಂತ ಇಮ್ಮಡಿ ಕಿಕ್ಕಿರಿದಿವೆಯೇ? ಇಲ್ಲ. ಸರಾಸರಿ ಇಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಸುಮಾರು 200 ಚದರ ಕಿಲೋಮೀಟರಿನ ಹುಬ್ಬಳ್ಳಿ-ಧಾರವಾಡ ಮಹಾನಗರದಲ್ಲಿಯೇ 9 ಲಕ್ಷ 44 ಸಾವಿರದಷ್ಟು ಜನರಿದ್ದರು. ಎಂದರೆ ಜಿಲ್ಲೆಯ ಅರ್ಧಕ್ಕೂ ತುಸು ಹೆಚ್ಚು. ನಗರದ ಸಾಂದ್ರತೆ 4,700ರ ಆಸುಪಾಸು. ಅದನ್ನು ಕಳೆದು ಉಳಿದ ನೆಲಕ್ಕೆ ಲೆಕ್ಕ ಹಾಕಿರಿ: ಕೇವಲ 220 ಚಿಲ್ಲರೆ! 434 ಎಂಬ ಸಂಖ್ಯೆಗೆ ತಕ್ಕ ಊರನ್ನು ಹುಡುಕುತ್ತ ಹೊರಟವನಿಗೆ ನಗರವೂ ಒಗ್ಗದು, ಹಳ್ಳಿಗಾಡೂ ಒಗ್ಗದು.

ಈ ಏರುಪೇರಿಗೆ ಕಾರಣಗಳುಂಟು. ಪಶ್ಚಿಮದಲ್ಲಿ ಅಳ್ನಾವರ, ಕಲಘಟಗಿಗಳು ಮಲೆನಾಡಿನ ಸೆರಗು. ಮಳೆ ಹೆಚ್ಚು, ಭತ್ತದ ಗದ್ದೆ, ಕಾಡಿನ ನಡುವೆ ಚದುರಿದ ಸಣ್ಣ ಹಳ್ಳಿಗಳು. ಪೂರ್ವದಲ್ಲಿ ನವಲಗುಂದದ ಕಡೆ ಎರೆಭೂಮಿ. ಮಳೆ ಕಡಿಮೆ, ಬಾವಿ ತೋಡಿದರೆ ಹಲವೆಡೆ ಸವಳು ನೀರು. ಆದ್ದರಿಂದ ಕುಡಿಯುವ ನೀರಿನ ಕೆರೆಯ ಬಳಿಯಲ್ಲಿಯೇ ಜನ ಒತ್ತಾಗಿ ನೆಲೆಸಿದರು. ಊರುಗಳು ದೊಡ್ಡವು, ನಡುವಣ ಅಂತರವೂ ದೊಡ್ಡದು. ಇವೆರಡರ ನಡುವಿನ ಏರುನೆಲದ ಮೇಲೆ ಧಾರವಾಡವಿದೆ. ಅದರ ಸಮೀಪದಲ್ಲಿ ಹುಟ್ಟುವ ಶಾಲ್ಮಲೆಯ ನೀರು ಅರಬ್ಬೀ ಸಮುದ್ರವನ್ನೂ, ಬೆಣ್ಣೆಹಳ್ಳದ ನೀರು ಮಲಪ್ರಭೆಯ ಮೂಲಕ ಬಂಗಾಲ ಉಪಸಾಗರವನ್ನೂ ಸೇರುತ್ತವೆ. ಹುಬ್ಬಳ್ಳಿಯನ್ನು ಹತ್ತಿಯ ವ್ಯಾಪಾರವೂ ರೈಲು ಕಾರ್ಖಾನೆಯೂ ಬೆಳೆಸಿದರೆ, ಧಾರವಾಡವನ್ನು ಕಚೇರಿ, ಕಾಲೇಜುಗಳು ಬೆಳೆಸಿದವು.

ಇಪ್ಪತ್ತು ಕಿಲೋಮೀಟರು ಅಂತರದ ಈ ಎರಡು ಊರುಗಳನ್ನು 1962ರಲ್ಲಿ ಒಂದೇ ಪಾಲಿಕೆಯಾಗಿ ಕೂಡಿಸಿದರು. ಹಿರಿಯಣ್ಣನಾದ ಹುಬ್ಬಳ್ಳಿಗೆ ಅನುದಾನವೆಲ್ಲ ಹರಿಯಿತೆಂಬ ಕೊರಗು ಧಾರವಾಡದವರಲ್ಲಿ ಬಹುಕಾಲದಿಂದ ಇದ್ದಿತು. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟವು ಒಪ್ಪಿಗೆಯಿತ್ತಿತು. ಎಲ್ಲೆ ಹೀಗೆ ಬದಲಾದಾಗ ಜನರು ಒಂದು ಮಾರೂ ಕದಲದಿದ್ದರೂ ಕೋಷ್ಟಕದ ಅಂಕಿಗಳು ಕದಲುತ್ತವೆ. 2011ರ ಅಂಕಿಯೊಡನೆ ಹೊಸ ಗಣತಿಯನ್ನು ಹೋಲಿಸಬಯಸುವ ವಿದ್ಯಾರ್ಥಿಯು, ಎರಡು ಊರುಗಳನ್ನು ಬೇರೆಬೇರೆಯಾಗಿ ಎಣಿಸಿದ್ದರೆ, ಮೊದಲು ಅವೆರಡನ್ನೂ ಕೂಡಿಸಿಕೊಳ್ಳಬೇಕಾಗುವುದು.