ಕೊಳಗ ಯಾರ ಕೈಲಿದೆ, ನೋಡು

ಸಂಸ್ಥೆ ಕಟ್ಟುತ್ತೇನೆ, ಸಮಾನತೆಗಾಗಿ ದುಡಿಯುತ್ತೇನೆ, ಅದಕ್ಕೆ ದುಡ್ಡು ಎತ್ತುವುದೇ ನನ್ನ ಕೆಲಸ ಅಂದೆಯಲ್ಲ, ಕೇಳಿ ಖುಷಿಯಾಯ್ತು ಮಗಾ. ನಿನಗೆ ಮಾತು ಬರುತ್ತದೆ, ಓಡಾಡುವ ಕಸುವೂ ಇದೆ. ತಾಳ್ಮೆಯೊಂದು ಕಡಿಮೆ. ಬೆಂಗಳೂರಿನ ಕಂಪನಿಗೆ ಕೊಡುವ ಅರ್ಜಿ ಆಗಲೇ ತಯಾರು. ಯಾರ ಹೆಸರಲ್ಲಿ ಕೇಳುತ್ತೀಯೋ ಅವರ ಜಗಲಿಯ ಮೇಲೆ ಮಾತ್ರ ಇನ್ನೂ ಕೂತಿಲ್ಲ. ಅಷ್ಟು ಅವಸರ ಯಾಕೆ?

ಮೊದಲು ಕಾಗೋಡಿನ ಕತೆ ಸರಿಯಾಗಿ ತಿಳಿದುಕೋ. ನಮ್ಮ ಸಾಗರ ತಾಲೂಕಿನದೇ ಊರು. 1951ರಲ್ಲಿ ಅಲ್ಲಿನ ದೀವರ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳ್ತನದಲ್ಲಿ ಜಮೀನಿನ ಒಡೆಯರ ಎದುರು ನಿಂತರು. ಜಗಳ ಹತ್ತಿದ್ದು ಯಾವುದರಿಂದ? ಭತ್ತ ಅಳೆಯುವ ಕೊಳಗದಿಂದ. ಗೇಣಿ ಅಳೆಸಿಕೊಳ್ಳುವ ಕೊಳಗ ದೊಡ್ಡದು, ಅದು ಒಡೆಯರದು. ಉತ್ತವನದು ದುಡಿಮೆ ಮಾತ್ರ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯ ಅನ್ನುವ ಮಾತಿಗೆ ಕಾನೂನಿನ ಬಲ ಬರಲು 1974ರವರೆಗೆ ಕಾಯಬೇಕಾಯ್ತು.

ನಿನ್ನ ಕಸುಬಿನಲ್ಲೂ ಕೇಳಬೇಕಾದ್ದು ಅದನ್ನೇ. ಕೊಳಗ ಯಾರ ಕೈಲಿದೆ? ಎಷ್ಟು ಹೆಂಗಸರಿಗೆ ಹೊಲಿಗೆ ಕಲಿಸಿದಿರಿ ಅಂತ ದಾನಿ ಲೆಕ್ಕ ಕೇಳುತ್ತಾನೆ. ಅವರಿಗೆ ಬೇಕಿದ್ದದ್ದು ಹೊಲಿಗೆಯೋ, ಕೂತ ಜಾಗದ ಹಕ್ಕುಪತ್ರವೋ ಅಂತ ಯಾರೂ ಕೇಳಿರುವುದಿಲ್ಲ. ಕೊಡುವವನೇ ಅಳತೆಯನ್ನೂ ಇಟ್ಟುಕೊಂಡರೆ ಅಲ್ಲಿ ಸಮಾನತೆ ಎಲ್ಲಿ ಬಂತು?

ಇನ್ನೊಂದು ಮಾತು. ಕೇಳುವಾಗ ಬೆನ್ನು ಬಾಗಿಸಬೇಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಶರಾವತಿಯ ನೀರು ರಾಜ್ಯಕ್ಕೆಲ್ಲ ಬೆಳಕಾಯಿತು. ಮನೆ, ಗದ್ದೆ, ತೋಟ ಮುಳುಗಿಸಿಕೊಂಡವರಲ್ಲಿ ಎಷ್ಟೋ ಮಂದಿ ಮೊಮ್ಮಕ್ಕಳ ಕಾಲಕ್ಕೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆದರು. ಆಚೆ ದಡದ ತುಮರಿ, ಕರೂರು ಸೀಮೆಯವರು ಹಿನ್ನೀರು ದಾಟಲು ಲಾಂಚು ಕಾದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಡಾಟಕ್ಕೆ ತೆರೆದದ್ದು 2025ರ ಜುಲೈಯಲ್ಲಿ. ಇಂಥವರ ಪರವಾಗಿ ಕೇಳುವವರು ಗೋಗರೆಯಬೇಕಾ? ಆ ಬೆಳಕಿನಲ್ಲಿ ಬೆಳೆದ ಪೇಟೆಯವರು ಹಳೇ ಸಾಲ ತೀರಿಸುತ್ತಿದ್ದಾರೆ ಅಂದುಕೋ. ನಯವಾಗಿ ಕೇಳು, ನೇರವಾಗಿ ಕೇಳು.

ಕಾನೂನನ್ನೂ ಓದಿಕೋ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ಆ ದುಡ್ಡು ಫ್ಯಾಕ್ಟರಿ, ಆಫೀಸು ಇರುವ ಕಡೆಗೇ ವಾಲುತ್ತದೆ. ಹೊಸನಗರದ ಕಾಡಂಚಿನ ಊರಲ್ಲಿ ಎಲ್ಲಿಯ ಫ್ಯಾಕ್ಟರಿ? ವಿದೇಶಿ ದೇಣಿಗೆಯ ಕಾಯ್ದೆ 2020ರಲ್ಲಿ ತಿದ್ದುಪಡಿಯಾದ ಮೇಲೆ ಪಡೆದ ಸಂಸ್ಥೆ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ದೊಡ್ಡವರ ಕೈಯಿಂದ ಹಳ್ಳಿಯ ಪುಟ್ಟ ಸಂಘಕ್ಕೆ ಬರುತ್ತಿದ್ದ ದಾರಿಯೂ ಮುಚ್ಚಿತು. ಈ ಓರೆ ತಿದ್ದುವುದೇ ನಿನ್ನ ಕೆಲಸ ಅಂತ ನನಗನ್ನಿಸುತ್ತದೆ.

ಪರರ ದುಡ್ಡು ಬಂದರೆ ಏನು ಮಾಡಬೇಕು ಅನ್ನುವುದಕ್ಕೆ ಹೆಗ್ಗೋಡು ನೋಡು. ಅಲ್ಲಿನ ನಾಟಕ ಸಂಸ್ಥೆ ನೀನಾಸಮ್ ಹುಟ್ಟಿದ್ದು 1949ರಲ್ಲಿ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅಡಿಕೆ ತೋಟದವರು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗಲೂ ಹೆಗ್ಗೋಡಿನವರೇ. ಎಂಬತ್ತರ ದಶಕದಲ್ಲಿ ಫೋರ್ಡ್ ಫೌಂಡೇಶನ್ನಿನ ನೆರವಿನಿಂದ ಹಳ್ಳಿ ಹಳ್ಳಿಗೆ ನಾಟಕ, ಸಿನಿಮಾ ಒಯ್ಯುವ ಜನಸ್ಪಂದನ ಯೋಜನೆ ನಡೆಯಿತು. ಯೋಜನೆ ಅಂದ ಮೇಲೆ ಅದಕ್ಕೊಂದು ಕೊನೆ ಇದ್ದೇ ಇರುತ್ತದೆ. ಆದರೆ 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತಿರುಗಾಟ ಶುರುವಾಯಿತು. ನಾಟಕ ಕರೆಸುವವರು ಆಯಾ ಊರಿನ ಸಂಘದವರು. ಕಲಾವಿದರಿಗೆ ಊಟ ಹಾಕುವವರು, ಚಪ್ಪರ ಹಾಕಿಸುವವರು, ಟಿಕೆಟ್ಟು ಹರಿಯುವವರು ಅವರೇ. ಹೊರಗಿನ ಹಣ ಊರಿನವರ ಕೈ ಬಲಪಡಿಸಿ ಹೋಗಬೇಕು. ಯೋಜನೆಯ ಜೊತೆ ಬೋರ್ಡೂ ಬಿದ್ದುಹೋದರೆ ಅದು ದಂಡ.

ಊರಲ್ಲೂ ವಂತಿಗೆ ಎತ್ತು. ಮಳೆಗಾಲದಲ್ಲಿ ರಸೀದಿ ಪುಸ್ತಕ ಹಿಡಿದು ಹೊರಡಬೇಡ, ಯಾರ ಕೈಲೂ ಕಾಸಿರುವುದಿಲ್ಲ. ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ಮೇಲೆ ಹೋಗು. ತೋಟ ಇಲ್ಲದವರ ಮನೆಯನ್ನು ದಾಟಿಕೊಂಡು ಹೋಗಬೇಡ, ಪಾಪ ಅಂದುಕೊಂಡು ಬಿಡುವುದೂ ಅವಮಾನವೇ. ಇಪ್ಪತ್ತು ರೂಪಾಯಿ ಕೊಟ್ಟರೆ ಕೂತು, ಹೆಸರು ಕೇಳಿ, ಗಂಡನ ಹೆಸರಲ್ಲ, ಕೊಟ್ಟವಳ ಹೆಸರನ್ನೇ ರಸೀದಿಗೆ ಬರೆ. ತೆಂಗಿನಕಾಯಿ ಕೊಟ್ಟರೆ ಅದನ್ನೂ ಬರೆ. ವರ್ಷದ ಕೊನೆಗೆ ಜಮಾ-ಖರ್ಚು ಅಂಟಿಸುವುದು ಸೊಸೈಟಿಯ ಗೋಡೆಗೆ. ದೇವಸ್ಥಾನದ ಜಗಲಿ ಬೇಡ, ಅಲ್ಲಿ ಎಲ್ಲರೂ ಒಂದೇ ಸಮನಾಗಿ ಬಂದು ನಿಲ್ಲುವುದಿಲ್ಲ. ನಿನ್ನ ಸಂಬಳವನ್ನೂ ಬರೆ, ಮುಚ್ಚಿಡಬೇಡ. ದುಡಿದದ್ದಕ್ಕೆ ಕೂಲಿ ತೆಗೆದುಕೊಳ್ಳುವುದರಲ್ಲಿ ನಾಚಿಕೆಯೇನು?

ಈಗ ಆ ಅರ್ಜಿ ಕಳಿಸಬೇಡ. ಅದನ್ನು ಕನ್ನಡದಲ್ಲಿ ಬರೆದುಕೊಂಡು ತುಮರಿಗೆ ಹೋಗಿ, ಅಲ್ಲಿನ ಹೆಂಗಸರನ್ನು ಕೂರಿಸಿಕೊಂಡು ಓದಿ ಹೇಳು. ಅವರು ಹೊಡೆದುಹಾಕು ಅಂದ ಸಾಲನ್ನು ಅಲ್ಲೇ ಹೊಡೆದುಹಾಕು. ಆಮೇಲೆ ಬೆಂಗಳೂರಿನ ಬಸ್ಸು ಹತ್ತು, ಅವರಲ್ಲೊಬ್ಬರನ್ನು ಕರೆದುಕೊಂಡು.