ಪರ್ಲೈಟ್ ಚೀಲಕ್ಕೆ ಕೈ ಹಚ್ಚುವ ಮುನ್ನ

ನೆರಳುಪರದೆಯೊಳಗೆ ಕೆಲಸಕ್ಕೆ ಬರುವವರಿಗೆ, ಮೆಣಸಿನ ಅಗಿ ಒಯ್ಯಲು ಬರುವ ರೈತರಿಗೆ, ಅವರ ಬೆನ್ನು ಹತ್ತಿ ಬರುವ ಮಕ್ಕಳಿಗೆ ಈ ಸೂಚನೆ. ನಾವು ಟ್ರೇ ತುಂಬುವುದು ಮೇ-ಜೂನ್ ತಿಂಗಳಲ್ಲಿ. ಕುಂದಗೋಳ, ನವಲಗುಂದ, ಅಣ್ಣಿಗೇರಿ ಬಯಲಿನಲ್ಲಿ ಆಗ ಗಾಳಿ ಯಾರ ಮಾತನ್ನೂ ಕೇಳುವುದಿಲ್ಲ. ಓದಿಕೊಂಡು ಒಳಗೆ ಬನ್ನಿ, ಓದಲು ಬಾರದವರಿಗೆ ಓದಿ ಹೇಳಿ.

ಟ್ರೇಯಲ್ಲಿ ಕಾಣುವ ಬಿಳಿ ಹರಳು, ಅಂದರೆ ಪರ್ಲೈಟ್, ಥರ್ಮಾಕೋಲ್ ಅಲ್ಲ, ಸುಣ್ಣ ಅಲ್ಲ, ಗೊಬ್ಬರವಂತೂ ಅಲ್ಲವೇ ಅಲ್ಲ. ಜ್ವಾಲಾಮುಖಿಯ ಲಾವಾ ಬೇಗ ಆರಿ ಗಾಜಿನಂತಾದ ಕಲ್ಲು ಅದು. ಅದರ ಹೊಟ್ಟೆಯಲ್ಲಿ ಶೇ. 2ರಿಂದ 5ರಷ್ಟು ನೀರು ಸಿಕ್ಕಿಕೊಂಡಿರುತ್ತದೆ. ಕಲ್ಲನ್ನು ನುಚ್ಚು ಮಾಡಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವು ಕೊಟ್ಟರೆ ಗಾಜು ಮೆತ್ತಗಾಗುತ್ತದೆ, ನೀರು ಉಗಿಯಾಗಿ ಅದನ್ನು ಊದಿಸುತ್ತದೆ. ಚುರಮರಿ ಭಟ್ಟಿಯಲ್ಲಿ ಕಾದ ಮರಳಿಗೆ ಬಿದ್ದ ಅಕ್ಕಿ ಅರಳುವುದೂ ಇದೇ ಲೆಕ್ಕ. ಈ ಕಲ್ಲು ಅರಳುವುದು 4ರಿಂದ 20 ಪಟ್ಟು. 100 ಲೀಟರಿನ ಚೀಲ ಹತ್ತು ಕಿಲೋ ಆಸುಪಾಸು ತೂಗುತ್ತದೆ. ಹಗುರ ಇದೆಯೆಂದು ಸದರ ಮಾಡಿಕೊಳ್ಳುವವರೇ ಹೆಚ್ಚು. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಮಾಡಬೇಕಾದ್ದು

ಮೊದಲು ನೀರು, ಆಮೇಲೆ ಕೈ. ಚೀಲದ ಒಂದು ಮೂಲೆಯನ್ನಷ್ಟೇ ಮೂರು ಬೆರಳು ಹೋಗುವಷ್ಟು ಕತ್ತರಿಸಿ, ಅದರೊಳಗೆ ತಂಬಿಗೆಯಿಂದ ನಿಧಾನಕ್ಕೆ ನೀರು ಬಿಡಿ. ಕಾಲು ತಾಸು ಹಾಗೇ ಇಡಿ. ಹಿಂಡಿದರೆ ಒದ್ದೆ ಅವಲಕ್ಕಿಯ ಹಾಗೆ ಅಂಟಬೇಕು. ಆಗ ಬಾನಿಗೆ ಸುರಿಯಿರಿ. ಅಳತೆ ಇಷ್ಟೇ: ಮೂರು ಬುಟ್ಟಿ ಕೊಕೊಪೀಟ್, ಒಂದು ವರ್ಮಿಕ್ಯುಲೈಟ್, ಒಂದು ಪರ್ಲೈಟ್. ತೂಕದ ಲೆಕ್ಕ ಹಿಡಿಯಬೇಡಿ, ಕೆಡುತ್ತದೆ.

ಚೀಲ ಬಿಚ್ಚುವವರು ಐಎಸ್ 9473 ಗುರುತಿನ ಮಾಸ್ಕ್ ಮತ್ತು ಬದಿಗಳನ್ನೂ ಮುಚ್ಚುವ ಕನ್ನಡಕ ಹಾಕಲೇಬೇಕು. ಟವೆಲ್ ಸುತ್ತಿದರೆ, ಸೆರಗು ಕಚ್ಚಿಕೊಂಡರೆ ನಡೆಯುವುದಿಲ್ಲ. ಸಣ್ಣ ದೂಳು ನೂಲಿನ ಸಂದಿಯಿಂದ ಸಲೀಸಾಗಿ ನುಗ್ಗುತ್ತದೆ. ಪರ್ಲೈಟ್ ವಿಷವಲ್ಲ. ಕಲ್ಲುಪುಡಿ ಗಿರಣಿಯ ಕೆಲಸಗಾರರ ಶ್ವಾಸಕೋಶ ತಿನ್ನುವ ಸ್ಫಟಿಕ ಸಿಲಿಕಾ ಇದರಲ್ಲಿ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಹಾಗಂತ ದಿನವಿಡೀ ಕುಡಿಯಲು ಅದೇನು ಮಜ್ಜಿಗೆಯೇ? ಉಬ್ಬಸ ಇದ್ದವರಿಗೆ ಈ ಕೆಲಸ ಬೇಡ. ಟ್ರೇಗೆ ಬೀಜ ಹಾಕುವ ಕಡೆ ಹೋಗಿ, ಪಗಾರ ಅಷ್ಟೇ ಇರುತ್ತದೆ.

ನೆನೆದ ಚೀಲವನ್ನು ಇಬ್ಬರು ಸೇರಿ ಎತ್ತಿ. ಒಣಗಿದ್ದಾಗ ಒಂದೇ ಕೈಗೆ ಬಂದದ್ದು ತನ್ನ ತೂಕದ ಮೂರು-ನಾಲ್ಕು ಪಟ್ಟು ನೀರು ಹಿಡಿದಿರುತ್ತದೆ.

ಮಾಡಬಾರದ್ದು

ತೂರಬಾರದು. ಇದನ್ನು ಎರಡು ಸಲ ಓದಿ. ಜೋಳ ತೂರಿದ ಕೈಗಳಿಗೆ ದೂಳು ಕಂಡರೆ ಮೊರ ನೆನಪಾಗುತ್ತದೆ, ನನಗೂ ಆಗಿತ್ತು. ಮೊದಲ ವರ್ಷ ಪುಡಿ ಬೇರ್ಪಡಿಸಲೆಂದು ಗಾಳಿಗೆ ನಿಂತು ಒಂದು ಮೊರ ತೂರಿದೆ. ಗಾಳಿ ತಿರುಗಿತು. ರೆಪ್ಪೆ, ಮೀಸೆ, ಕೊರಳು ಎಲ್ಲ ಬೆಳ್ಳಗಾದವು. ಕಣ್ಣು ತಿಕ್ಕಿಕೊಂಡೆ, ಗಾಜಿನ ಚೂರನ್ನು ಗುಡ್ಡೆಯ ಮೇಲೆ ಅರೆದ ಹಾಗಾಯಿತು. ಎರಡು ದಿನ ಬೆಳಕು ನೋಡಲಾಗಲಿಲ್ಲ. ಸಾಣಿಗೆ ಹಿಡಿಯುವುದಿದ್ದರೂ ನೆನೆಸಿದ ಮೇಲೆಯೇ.

ಕಣ್ಣಿಗೆ ಬಿದ್ದರೆ ತಿಕ್ಕಬೇಡಿ. ಸೆರಗು ಉಂಡೆ ಮಾಡಿ ಊದಿ ಶಾಖ ಕೊಡುವುದು, ಔಡಲೆಣ್ಣೆ ಬಿಡುವುದು, ಎದೆಹಾಲು ಹಿಂಡುವುದು ಯಾವುದೂ ಬೇಡ. ನಲ್ಲಿಯ ಕೆಳಗೆ ಕಣ್ಣು ತೆರೆದು ಹದಿನೈದು ನಿಮಿಷ ನೀರು ಹರಿಸಿ. ಆಮೇಲೂ ಚುಚ್ಚಿದರೆ ದವಾಖಾನೆ.

ಒಣ ನೆಲದಲ್ಲಿ ಚೆಲ್ಲಿದ್ದಕ್ಕೆ ಕಸಬರಿಗೆ ಹಚ್ಚಬೇಡಿ. ನೀರು ಚಿಮುಕಿಸಿ, ಬಳಿದು ತೆಗೆಯಿರಿ. ತುಳಿಯಬೇಡಿ. ತುಳಿದರೆ ಹರಳು ಪುಡಿಯಾಗುತ್ತದೆ, ಬೇರಿಗೆ ಗಾಳಿ ಸಿಗಲೆಂದು ಹಾಕಿದ ವಸ್ತುವಿನಲ್ಲಿ ಗಾಳಿಯೇ ಉಳಿಯುವುದಿಲ್ಲ.

ಸಕ್ಕರೆ, ಸಾಬೂದಾನಿ ಡಬ್ಬಿಗಳಲ್ಲಿ ಪರ್ಲೈಟ್ ತುಂಬಿಡಬೇಡಿ. ಮಕ್ಕಳಿಗೆ ಇದು ಚುರಮರಿ ನುಚ್ಚಿನ ಹಾಗೇ ಕಾಣುತ್ತದೆ: ಬಾಯಿಗೆ ಹಾಕುತ್ತಾರೆ, ಮೂಗಿಗೂ ತುರುಕಿಕೊಳ್ಳುತ್ತಾರೆ.

ಖಾಲಿ ಚೀಲವನ್ನು ಊರ ಕೆರೆಯಲ್ಲಿ, ಕಾಲುವೆಯಲ್ಲಿ ಜಾಲಿಸಬೇಡಿ. ಹರಳಿನೊಳಗೆ ಗಾಳಿ ಕೂತಿರುವುದರಿಂದ ಅದು ಮುಳುಗುವುದಿಲ್ಲ, ದಿನಗಟ್ಟಲೆ ತೇಲುತ್ತದೆ. ಬೆಣ್ಣಿಹಳ್ಳಕ್ಕೆ ಬಿಟ್ಟರೆ ಮಲಪ್ರಭೆಯವರೆಗೂ ನಮ್ಮ ಹೊಲಸು ಹೋಗುತ್ತದೆ.

ಅಗಿ ಕೊಳೆತು ಸತ್ತ ಟ್ರೇಯ ಮಿಶ್ರಣವನ್ನು ಮತ್ತೆ ಬಳಸಬಾರದು. ಪರ್ಲೈಟ್ ಕೊಳೆಯುವುದಿಲ್ಲ ನಿಜ, ಆದರೆ ಅದರ ತೂತುಗಳಲ್ಲಿ ರೋಗದ ಶಿಲೀಂಧ್ರ ಆರಾಮಾಗಿ ಕೂತಿರುತ್ತದೆ. ಹಸನಾದ ಟ್ರೇಯದ್ದಾದರೆ ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಏಪ್ರಿಲ್-ಮೇ ಬಿಸಿಲಿಗೆ ನಾಲ್ಕರಿಂದ ಆರು ವಾರ ಬಿಟ್ಟು ಹೂಕುಂಡಗಳಿಗೆ ಹಾಕಿ. ಮೆಣಸಿನಕಾಯಿಗೆ ಬೇಡ.

ರೈತರಿಗೆ ಒಂದು ಮಾತು. ಎರೆ ಹೊಲ ಬಿರುಸಾಗಿದೆ, ನೀರು ನಿಲ್ಲುತ್ತದೆ ಎಂದು ಪರ್ಲೈಟ್ ಕೊಳ್ಳಲು ಹೋಗಬೇಡಿ. ಒಂದು ಎಕರೆಯ ಮೇಲಿನ ನಾಲ್ಕಿಂಚು ಮಣ್ಣಿಗೆ ಐದರಲ್ಲೊಂದು ಪಾಲು ಬೆರೆಸಬೇಕೆಂದರೂ 100 ಲೀಟರಿನ ಸುಮಾರು 800 ಚೀಲ ಬೇಕು. ನಿಮ್ಮ ಮನೆ ಮಾರಬೇಕಾದೀತು. ಮೇಲೆ ಒಂದು ದೊಡ್ಡ ಮಳೆಗೆ ಅದು ತೇಲಿ ಬದುವಿಗೆ ಬಂದು ಕೂಡುತ್ತದೆ. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಏನೂ ಬೆಳೆಗೆ ಸಿಗುವುದಿಲ್ಲ. ಎರೆ ಹೊಲಕ್ಕೆ ತಿಪ್ಪೆಗೊಬ್ಬರ ಹೇರಿ, ನೀರು ಹೋಗಲು ಬಸಿಗಾಲುವೆ ತೋಡಿ. ಕಲಘಟಗಿಯ ಮಸಾರಿ ಹೊಲದವರಿಗೂ ಗೊಬ್ಬರದ ಮಾತು ಇದೇ.

ಟ್ರೇ ಮಿಶ್ರಣಕ್ಕೆ ಹಾಕುವ ವರ್ಮಿಕ್ಯುಲೈಟ್ ಬೇರೆ ಖನಿಜ, ಅಭ್ರಕದ ಜಾತಿಯದು. ಹೆಸರಿಲ್ಲದ ಚೀಲದಲ್ಲಿ ಬಂದರೆ ಇಳಿಸಿಕೊಳ್ಳಬೇಡಿ. ಅಮೆರಿಕದ ಲಿಬ್ಬಿ ಎಂಬ ಊರಿನ ಗಣಿಯ ವರ್ಮಿಕ್ಯುಲೈಟ್‌ನಲ್ಲಿ ಕಲ್ನಾರು ಬೆರೆತು ಬಹಳ ಜನ ಸತ್ತರು. ಆ ಗಣಿ 1990ರಲ್ಲಿ ಮುಚ್ಚಿತು.

ಕನ್ನಡಕ, ಮಾಸ್ಕ್ ಬಾಗಿಲ ಬಲಗಡೆ ಗೂಟದಲ್ಲಿವೆ. ಮನೆಗೆ ಹೋಗುವಾಗ ಕನ್ನಡಕ ತೊಳೆದು ಅಲ್ಲೇ ಸಿಗಿಸಿ. ಅದನ್ನು ಹಾಕಿಕೊಂಡು ಜಾತ್ರೆಗೆ ಹೋದವರು ಈ ವಾರದೊಳಗೆ ತಂದುಕೊಡಿ.